ಇಲ್ಲದ ವರ್ಗಮೂಲ, ಇರುವ ಕರೆಂಟು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಮಸ್ಕಿ ಎಂದೊಡನೆ ಶಾಲೆ ಕಲಿತವರಿಗೆಲ್ಲ ನೆನಪಾಗುವುದು ಅಶೋಕನ ಶಾಸನ. ಬೇರೆಡೆಯ ಶಾಸನಗಳಲ್ಲಿ ಬರೀ ಬಿರುದಿನಿಂದ ಕಾಣಿಸಿಕೊಳ್ಳುತ್ತಿದ್ದ ದೊರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ ಬಂಡೆ ಅದು. ಅದನ್ನು 1915ರಲ್ಲಿ ಪತ್ತೆ ಮಾಡಿದವರು ಇತಿಹಾಸಕಾರರಲ್ಲ, ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕಲು ಬಂದವರ ಕಣ್ಣಿಗೆ ಅಕ್ಷರ ಬಿತ್ತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಅಗೆದ ಗುಂಡಿಗಳು ಅದಕ್ಕೂ ಮೊದಲೇ ಕಂಪನಿಗಳನ್ನು ಸೆಳೆದಿದ್ದವು. 1947ರಲ್ಲಿ ಅಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. ಅದೇ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು.

ಚಿನ್ನದ ಆಸೆ ನಮ್ಮ ನಾಡಿಗೆ ತಂದ ಇನ್ನೊಂದು ವಸ್ತುವಿದೆ. ಅದು ಕರೆಂಟು. ಮೈಸೂರು ಸಂಸ್ಥಾನದಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದು 1902ರ ಜೂನ್ 30ರಂದು ವಿದ್ಯುತ್ ಹರಿಸಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕೆಲಸ, ಅವರು ತೀರಿಕೊಂಡ ಮರುವರ್ಷ ಮುಗಿಯಿತು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಮೊದಲು ಗಣಿ, ಆಮೇಲೆ ಊರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಬಂಡವಾಳದ ನಡೆ ಎಂದೂ ಹೀಗೆಯೇ.

ಆದರೆ ನಾವು ಇಲ್ಲಿ ಹೇಳಹೊರಟಿರುವುದು ಚಿನ್ನದ ಕಥೆಯಲ್ಲ. ಅಷ್ಟು ದೂರ ತಂತಿಯಲ್ಲಿ ಹೋಗುವ ಕರೆಂಟಿನ ಲೆಕ್ಕ ಮಾಡಲು ಎಂಜಿನಿಯರುಗಳು ಹಿಡಿದ ಒಂದು ವಿಚಿತ್ರ ಸಂಖ್ಯೆಯ ಕಥೆ. ಅದರ ಒಂದು ಎಳೆ ರಾಯಚೂರಿಗೆ ದೂರವಲ್ಲದ ಮಳಖೇಡದಲ್ಲಿದೆ, ಇನ್ನೊಂದು ಬಾಗ್ದಾದಿನಲ್ಲಿದೆ.

ಮೊದಲು ತೊಡಕು ಏನೆಂದು ನೋಡೋಣ. ಬ್ಯಾಟರಿಯಿಂದ ಬರುವ ನೇರ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಅದರ ಲೆಕ್ಕ ಸರಳ, ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. ಆದರೆ ಕಂಬದ ಮೇಲಿನಿಂದ ಮನೆಗೆ ಬರುವುದು ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ದಾರಿಯಲ್ಲಿ ಮೋಟರಿನ ಸುರುಳಿ ಇದ್ದರೆ ಕರೆಂಟು ವೋಲ್ಟೇಜಿನ ಜೊತೆ ಹೆಜ್ಜೆ ಹಾಕದೆ ಹಿಂದೆ ಉಳಿಯುತ್ತದೆ. ಕೆಪಾಸಿಟರ್, ನಮ್ಮ ರೈತರ ಮಾತಿನಲ್ಲಿ ಕಂಡೆನ್ಸರ್, ಇದ್ದರೆ ಮುಂದೆ ಓಡುತ್ತದೆ. ಸುರುಳಿಯ ಈ ಎಳೆತಕ್ಕೆ ರಿಯಾಕ್ಟೆನ್ಸ್ ಎಂದು ಹೆಸರು. ಇದನ್ನೂ ಓಮ್‌ಗಳಲ್ಲೇ ಅಳೆಯುತ್ತಾರೆ.

ಒಂದು ಸುರುಳಿಯ ರೋಧ 30 ಓಮ್, ರಿಯಾಕ್ಟೆನ್ಸ್ 40 ಓಮ್ ಇದೆ ಎಂದುಕೊಳ್ಳಿ. ಎರಡೂ ಸೇರಿದರೆ ಎಷ್ಟು? 70 ಎನ್ನಲು ನಾಲಿಗೆ ತುದಿಯಲ್ಲಿರುತ್ತದೆ. ಅಳೆದು ನೋಡಿದರೆ ಬರುವುದು 50! 230 ವೋಲ್ಟ್ ಕೊಟ್ಟಾಗ ಹರಿಯುವುದು 4.6 ಆಂಪಿಯರ್, 3.3 ಅಲ್ಲ. ಏಕೆಂದರೆ ಒಂದರ ತಡೆ ನೇರವಾಗಿದ್ದರೆ ಇನ್ನೊಂದರದು ಅದಕ್ಕೆ ಲಂಬವಾಗಿದೆ. 30 ಹೆಜ್ಜೆ ಪೂರ್ವಕ್ಕೆ ನಡೆದು, ತಿರುಗಿ 40 ಹೆಜ್ಜೆ ಉತ್ತರಕ್ಕೆ ನಡೆದವನು ಹೊರಟ ಜಾಗದಿಂದ 70 ಹೆಜ್ಜೆ ದೂರ ಇರುವುದಿಲ್ಲ, 50 ಹೆಜ್ಜೆ ದೂರ ಇರುತ್ತಾನೆ. ಹಾಗೆಯೇ ಇದು. ಒಂದೇ ಸುರುಳಿಯಾದರೆ ಚಿತ್ರ ಬರೆದು ಮುಗಿಸಬಹುದು. ಊರು, ತಾಲೂಕು, ಜಿಲ್ಲೆಗಳ ಜಾಲವಾದಾಗ ಕಾಗದ ಸಾಲುವುದಿಲ್ಲ. ಕೂಡಿ ಕಳೆದು ಗುಣಿಸಿ ಭಾಗಿಸಲು ಬರುವ, ದಿಕ್ಕನ್ನೂ ತನ್ನೊಳಗೆ ಇಟ್ಟುಕೊಂಡ ಒಂದು ಸಂಖ್ಯೆ ಬೇಕು. ಎಂಜಿನಿಯರುಗಳ ಪುಣ್ಯಕ್ಕೆ ಗಣಿತದವರು ಅಂಥದೊಂದನ್ನು ಮೂರು ಶತಮಾನಗಳ ಹಿಂದೆಯೇ ಒಲ್ಲದ ಮನಸ್ಸಿನಿಂದ ಹೆತ್ತು ಮೂಲೆಯಲ್ಲಿಟ್ಟಿದ್ದರು.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. ಧನವನ್ನು ಧನದಿಂದ ಗುಣಿಸಿದರೂ ಋಣವನ್ನು ಋಣದಿಂದ ಗುಣಿಸಿದರೂ ಧನವೇ ಬರುತ್ತದೆ. ಹಾಗಿದ್ದಮೇಲೆ ಋಣಸಂಖ್ಯೆಯ ವರ್ಗಮೂಲ ಏನು? ಮಹಾವೀರರ ಉತ್ತರ ನಿಸ್ಸಂದಿಗ್ಧ. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಈ ಪ್ರಶ್ನೆಯನ್ನು ಎದುರು ನಿಲ್ಲಿಸಿಕೊಂಡು ನೇರವಾಗಿ ಉತ್ತರಿಸಿದ ಮೊದಲಿಗರಲ್ಲಿ ಅವರೊಬ್ಬರು.

ಇದಕ್ಕೆ ಒಂದು ತಲೆಮಾರು ಮೊದಲು ಬಾಗ್ದಾದಿನಲ್ಲಿ ಖಲೀಫ ಮಾಮೂನರ ಆಶ್ರಯದಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಜ್ಮಿ ತಮ್ಮ ಬೀಜಗಣಿತದ ಗ್ರಂಥವನ್ನು ಬರೆದರು. ‘ಅಲ್ಜೀಬ್ರ’ ಎಂಬ ಹೆಸರೇ ಆ ಗ್ರಂಥದ ‘ಅಲ್ ಜಬ್ರ್’ನಿಂದ ಬಂದದ್ದು. ಅದರಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ. ಒಂದು ಸಂಖ್ಯೆಯ ವರ್ಗಕ್ಕೆ 21 ಕೂಡಿಸಿದರೆ ಆ ಸಂಖ್ಯೆಯ ಹತ್ತರಷ್ಟಾಗುತ್ತದೆ, ಸಂಖ್ಯೆ ಯಾವುದು? ಹತ್ತರ ಅರ್ಧ 5, ಅದರ ವರ್ಗ 25, ಅದರಲ್ಲಿ 21 ಕಳೆದರೆ 4, ಅದರ ಮೂಲ 2. ಹಾಗಾಗಿ 5ರಲ್ಲಿ 2 ಕಳೆದ 3 ಒಂದು ಉತ್ತರ, ಕೂಡಿದ 7 ಇನ್ನೊಂದು. ಆದರೆ 21ರ ಜಾಗದಲ್ಲಿ 25ಕ್ಕಿಂತ ದೊಡ್ಡದು ಬಂದರೆ? ಲೆಕ್ಕ ಅಸಾಧ್ಯ ಎಂದು ಖ್ವಾರಿಜ್ಮಿ ಮುಗಿಸುತ್ತಾರೆ.

ಈ ಎರಡು ನಗರಗಳು ಪರಸ್ಪರ ಅಪರಿಚಿತವಾಗಿರಲಿಲ್ಲ. ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಬಂದಿರುವ ಕ್ರಿ.ಶ. 851ರ ಅರಬಿ ವೃತ್ತಾಂತ ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಹತ್ತನೆಯ ಶತಮಾನದ ಅಲ್ ಮಸೂದಿ ರಾಜಧಾನಿಯನ್ನು ‘ಮಾನ್ಕೀರ್’ ಎಂದು ಹೆಸರಿಸುತ್ತಾನೆ. ಸರಕು, ಮಾತು, ಅಂಕಿ ಎಲ್ಲವೂ ಆ ಕಡಲ ದಾರಿಯಲ್ಲಿ ಓಡಾಡುತ್ತಿದ್ದ ಕಾಲ ಅದು. ಬಾಗ್ದಾದಿನವರು ಬಳಸಿದ ಅಂಕಿಗಳು ಹಿಂದ್‌ನಿಂದ ಬಂದವೆಂದು ಖ್ವಾರಿಜ್ಮಿಯವರೇ ಒಪ್ಪಿ ಬರೆದಿದ್ದಾರೆ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಆಧುನಿಕ ವಿಜ್ಞಾನವೆಲ್ಲ ನಮ್ಮ ಹಳೆಯ ಗ್ರಂಥಗಳಲ್ಲೇ ಇತ್ತು ಎನ್ನುವ ಚಪಲ ಈ ದೇಶದಲ್ಲಿ ಬೆಳೆಯುತ್ತಿದೆ. ಮುಸ್ಲಿಂ ಲೇಖಕರೂ ಇದರಿಂದ ಹೊರತಲ್ಲ. ‘ಸುವರ್ಣಯುಗ’ದ ಹೆಸರಿನಲ್ಲಿ ವಿಮಾನದಿಂದ ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಬಾಗ್ದಾದಿಗೋ ಕೊರ್ಡೋವಾಕ್ಕೋ ಒಪ್ಪಿಸುವವರಿದ್ದಾರೆ. ಮಳಖೇಡ ಮತ್ತು ಬಾಗ್ದಾದ್ ಎರಡೂ ಈ ಬಾಗಿಲ ತನಕ ಬಂದು ‘ಇಲ್ಲ’ ಎಂದು ತಿರುಗಿದವು. ಅದು ಅವರಿಗೆ ಅವಮಾನವಲ್ಲ. ತಮ್ಮ ಕಾಲದ ಅರ್ಥದಲ್ಲಿ ಅವರು ಹೇಳಿದ್ದು ಸರಿಯೇ ಆಗಿತ್ತು. ಸ್ಪಷ್ಟವಾಗಿ ‘ಇಲ್ಲ’ ಎಂದವರು ಬಾಗಿಲು ಎಲ್ಲಿದೆ ಎಂಬುದನ್ನು ಮಾತ್ರ ಗುರುತು ಮಾಡಿ ಹೋದರು.

1545ರಲ್ಲಿ ಇಟಲಿಯ ವೈದ್ಯ ಕಾರ್ಡಾನೊ ಅದೇ ಲೆಕ್ಕವನ್ನು 21ರ ಬದಲು 40 ಇಟ್ಟು ಕೇಳಿದರು. ಹತ್ತನ್ನು ಎರಡು ಪಾಲು ಮಾಡಿ, ಪಾಲುಗಳನ್ನು ಗುಣಿಸಿದಾಗ 40 ಬರಬೇಕು. ಖ್ವಾರಿಜ್ಮಿಯವರ ವಿಧಾನದಲ್ಲೇ ಹೋದರೆ 25ರಲ್ಲಿ 40 ಕಳೆದು ಋಣ 15 ಉಳಿಯುತ್ತದೆ. ಕಾರ್ಡಾನೊ ಅಲ್ಲಿ ನಿಲ್ಲದೆ ಋಣ 15ರ ವರ್ಗಮೂಲವನ್ನು ಐದಕ್ಕೆ ಒಮ್ಮೆ ಕೂಡಿಸಿ ಒಮ್ಮೆ ಕಳೆದು ಎರಡು ಪಾಲು ಬರೆದೇಬಿಟ್ಟರು. ಗುಣಿಸಿದರೆ ಸರಿಯಾಗಿ 40! ಇದು ಸೂಕ್ಷ್ಮವಾದಷ್ಟೇ ನಿರುಪಯೋಗಿ ಎಂದು ಅವರೇ ಕೈ ಕೊಡವಿಕೊಂಡರು. ಅದನ್ನು ಗಂಭೀರವಾಗಿ ತೆಗೆದುಕೊಂಡವರು ಬಾಂಬೆಲ್ಲಿ. ಜೌಗು ನೆಲದ ನೀರು ಬಸಿದು ಹೊಲ ಮಾಡಿಸುವ ಎಂಜಿನಿಯರ್ ಅವರು, ತುಂಗಭದ್ರಾ ಕಾಲುವೆಯ ನೀರು ನಿಂತು ಸವಳಾದ ಸಿಂಧನೂರಿನ ಹೊಲಗಳನ್ನು ಬಲ್ಲವರಿಗೆ ಅವರ ಕಸುಬು ಅರ್ಥವಾಗುತ್ತದೆ. 1572ರ ತಮ್ಮ ಪುಸ್ತಕದಲ್ಲಿ ಬಾಂಬೆಲ್ಲಿ ಈ ‘ಇಲ್ಲದ’ ಮೂಲಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಕೊಟ್ಟರು. ಉತ್ತರ 4 ಎಂದು ಮೊದಲೇ ಗೊತ್ತಿರುವ ಲೆಕ್ಕವೊಂದರಲ್ಲಿ ಆ ಮೂಲಗಳ ಮೂಲಕವೇ ಹಾದುಹೋಗಿ 4ಕ್ಕೇ ತಲುಪಿ ತೋರಿಸಿದರು.

1637ರಲ್ಲಿ ದೆಕಾರ್ತ್ ಇವಕ್ಕೆ ‘ಕಾಲ್ಪನಿಕ’ ಎಂಬ ಹೆಸರಿಟ್ಟರು. ಹೀಯಾಳಿಕೆಯ ಹೆಸರು ಅದು, ಆದರೆ ಅಂಟಿಕೊಂಡಿತು. 1797ರಲ್ಲಿ ವೆಸೆಲ್ ಎಂಬ ಭೂಮಾಪಕ ಅದಕ್ಕೊಂದು ನೆಲೆ ತೋರಿಸಿದರು. ಪೂರ್ವಕ್ಕೆ ಮುಖ ಮಾಡಿ ನಿಂತವನಿಗೆ ‘ಋಣ ಒಂದರಿಂದ ಗುಣಿಸು’ ಎಂದರೆ ಪಶ್ಚಿಮಕ್ಕೆ ತಿರುಗು ಎಂದರ್ಥ. ಹಾಗಾದರೆ ಎರಡು ಬಾರಿ ಮಾಡಿದಾಗ ಪಶ್ಚಿಮಕ್ಕೆ ತಿರುಗಿಸುವ ಕ್ರಿಯೆ ಯಾವುದು? ಎಡಕ್ಕೆ ಕಾಲು ಸುತ್ತು. ಅಷ್ಟೇ. ಋಣ ಒಂದರ ವರ್ಗಮೂಲವೆಂದರೆ ಕಾಲು ಸುತ್ತು ತಿರುಗುವುದು. ಭೂಮಿ ಅಳೆಯುವವರಿಗೆ ಹೊಳೆದದ್ದು ಸಹಜವೇ. ಆದರೆ ಡೇನಿಷ್ ಭಾಷೆಯಲ್ಲಿದ್ದ ಆ ಬರಹವನ್ನು ನೂರು ವರ್ಷ ಹೆಚ್ಚುಕಡಿಮೆ ಯಾರೂ ಓದಲಿಲ್ಲ. ಗೌಸ್ ‘ಸಂಕೀರ್ಣ ಸಂಖ್ಯೆ’ ಎಂಬ ಹೆಸರನ್ನು ಚಲಾವಣೆಗೆ ತಂದದ್ದು 1831ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಫ್ಯಾರಡೆ ಸುರುಳಿಯ ಬಳಿ ಆಯಸ್ಕಾಂತ ಆಡಿಸಿ ವಿದ್ಯುತ್ ಹುಟ್ಟಿಸಿದರು. ಇಬ್ಬರ ಕೆಲಸವೂ ಒಂದನ್ನೊಂದು ಭೇಟಿಯಾಗಲು ಇನ್ನೂ 62 ವರ್ಷ ಬೇಕಾಯಿತು.

ಭೇಟಿ ಮಾಡಿಸಿದವರಲ್ಲಿ ಮೊದಲಿಗರು ಆರ್ಥರ್ ಕೆನೆಲಿ. ಅವರು ಹುಟ್ಟಿದ್ದು 1861ರಲ್ಲಿ ಮುಂಬೈಯ ಕೊಲಾಬಾದಲ್ಲಿ. 1893ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಜಿನಿಯರುಗಳ ಮುಂದೆ ಅವರು ಓದಿದ ಪ್ರಬಂಧದಲ್ಲಿ ರೋಧ ಮತ್ತು ರಿಯಾಕ್ಟೆನ್ಸ್ ಎರಡನ್ನೂ ಒಂದೇ ಸಂಕೀರ್ಣ ಸಂಖ್ಯೆಯಾಗಿ ಬರೆದರು. ನಮ್ಮ ಸುರುಳಿಯನ್ನು ಆ ಲಿಪಿಯಲ್ಲಿ 30+40ಜೆ ಎಂದು ಬರೆಯಬಹುದು. ಗಣಿತದವರು ಋಣ ಒಂದರ ಮೂಲಕ್ಕೆ ‘ಐ’ ಎನ್ನುತ್ತಾರೆ, ಎಂಜಿನಿಯರುಗಳು ‘ಐ’ಯನ್ನು ಕರೆಂಟಿಗೆ ಇಟ್ಟುಕೊಂಡದ್ದರಿಂದ ಪಕ್ಕದ ‘ಜೆ’ಯನ್ನು ಹಿಡಿದರು.

ಆದರೆ ಇದನ್ನು ಒಂದು ಸಂಪೂರ್ಣ ವಿಧಾನವಾಗಿ ಕಟ್ಟಿದ ಕೀರ್ತಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರದು. 1865ರಲ್ಲಿ ಬ್ರೆಸ್ಲಾವ್‌ನಲ್ಲಿ ಹುಟ್ಟಿದವರು. ಬೆನ್ನು ಗೂನು, ಎತ್ತರ ನಾಲ್ಕಡಿಯ ಆಸುಪಾಸು. ವಿದ್ಯಾರ್ಥಿಯಾಗಿದ್ದಾಗ ಸಮಾಜವಾದಿ ಪತ್ರಿಕೆಯಲ್ಲಿ ಬರೆದದ್ದಕ್ಕೆ ಪೊಲೀಸರು ಬೆನ್ನು ಹತ್ತಿದರು. ಡಾಕ್ಟರೇಟ್ ಕೈಗೆ ಬರುವ ಮೊದಲೇ 1888ರಲ್ಲಿ ದೇಶ ಬಿಟ್ಟು ಜ್ಯೂರಿಚ್‌ಗೆ ಓಡಿದರು. ಮರುವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಅಂಗವಿಕಲ, ಬಡವ, ಇಂಗ್ಲಿಷ್ ಬಾರದವ ಎಂದು ಅಧಿಕಾರಿಗಳು ತಿರುಗಿ ಕಳಿಸುವವರಿದ್ದರು. ಜೊತೆಗಿದ್ದ ಗೆಳೆಯ ಹೊಣೆ ಹೊತ್ತು ಒಳಗೆ ಕರೆದೊಯ್ದ. ನಿರಾಶ್ರಿತರ ವಿಷಯ ಬಂದಾಗಲೆಲ್ಲ ದೇಶಕ್ಕೆ ಹೊರೆ ಎನ್ನುವ ವಾದ ಕೇಳಿಬರುತ್ತದಲ್ಲ, ಆಗ ಈ ಮನುಷ್ಯನ ನೆನಪಾಗುತ್ತದೆ.

1893ರ ಆಗಸ್ಟ್‌ನಲ್ಲಿ ಷಿಕಾಗೋದ ವಿಶ್ವಮೇಳದ ಸಂದರ್ಭದಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಸ್ಟೈನ್‌ಮೆಟ್ಜ್ ತಮ್ಮ ಪ್ರಬಂಧ ಮಂಡಿಸಿದರು. ಮರುತಿಂಗಳು ಅದೇ ಷಿಕಾಗೋದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ನಮಗೆಲ್ಲ ಗೊತ್ತು, ಇದು ಗೊತ್ತಿಲ್ಲ. ಅಲ್ಲಿಯವರೆಗೆ ಪರ್ಯಾಯ ವಿದ್ಯುತ್ತಿನ ಪ್ರತಿಯೊಂದು ಪ್ರಶ್ನೆಗೂ ಕಲನಶಾಸ್ತ್ರದ ಸಮೀಕರಣಗಳನ್ನು ಬಿಡಿಸಬೇಕಿತ್ತು, ಅದು ಕೆಲವೇ ಪಂಡಿತರಿಗೆ ಸಾಧ್ಯವಿತ್ತು. ಸ್ಟೈನ್‌ಮೆಟ್ಜ್ ಹೇಳಿದ್ದು ಇಷ್ಟು. ಆವರ್ತ ಒಂದೇ ಆಗಿರುವಾಗ ಸಮಯವನ್ನು ಮರೆತುಬಿಡಿ. ವೋಲ್ಟೇಜು, ಕರೆಂಟು, ತಡೆ ಮೂರನ್ನೂ ಸಂಕೀರ್ಣ ಸಂಖ್ಯೆಯಾಗಿ ಬರೆಯಿರಿ. ಆಮೇಲೆ ನೇರ ವಿದ್ಯುತ್ತಿನ ಅದೇ ಹಳೆಯ ಭಾಗಾಕಾರ ಸಾಕು. ಹೈಸ್ಕೂಲಿನ ಬೀಜಗಣಿತ ಬಲ್ಲವರು ಜಿಲ್ಲೆಯ ಜಾಲದ ಲೆಕ್ಕ ಮಾಡಬಹುದಾಯಿತು. ವಿದ್ಯೆಯೊಂದು ಪಂಡಿತರ ಕೈಯಿಂದ ಕುಶಲಕರ್ಮಿಗಳ ಕೈಗೆ ಇಳಿದುಬರುವುದು ಹೀಗೆ. 1897ರಲ್ಲಿ ಅವರ ಪುಸ್ತಕ ಬಂತು. ಅಷ್ಟರಲ್ಲಿ ಅವರು ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ್ದರು. ಐದು ವರ್ಷದ ಬಳಿಕ ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳನ್ನು ಕಳಿಸಿದ್ದು ಅದೇ ಕಂಪನಿ.

ನಮ್ಮ ಈ ಭಾಗ ಆಗ ಮೈಸೂರಿನದಲ್ಲ, ನಿಜಾಮರದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಡುವ ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಗಣಿತ, ಭೌತವಿಜ್ಞಾನಗಳ ಪಠ್ಯಗಳನ್ನು ಅನುವಾದಿಸಲು ದಾರುಲ್ ತರ್ಜುಮಾ ಎಂಬ ಪ್ರತ್ಯೇಕ ಸಂಸ್ಥೆಯೇ ಇತ್ತು. ಉರ್ದುವಿನಲ್ಲಿ ಈ ಸಂಖ್ಯೆಗೆ ‘ಖಯಾಲಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಕಾಲ್ಪನಿಕ’ ಅಥವಾ ‘ಊಹಾ ಸಂಖ್ಯೆ’. ದೆಕಾರ್ತ್‌ರ ಹೀಯಾಳಿಕೆಯನ್ನು ಎರಡೂ ಭಾಷೆಗಳು ನಿಷ್ಠೆಯಿಂದ ಅನುವಾದಿಸಿಕೊಂಡಿವೆ. ಪಿಯುಸಿಯ ಹುಡುಗ ಹುಡುಗಿಯರು ‘ಇಲ್ಲದ ಸಂಖ್ಯೆಯನ್ನು ಏಕೆ ಕಲಿಯಬೇಕು’ ಎಂದು ಕೇಳುವುದರಲ್ಲಿ ಈ ಹೆಸರಿನ ತಪ್ಪೂ ಇದೆ. ‘ತಿರುವು ಸಂಖ್ಯೆ’ ಎಂದು ಕರೆದಿದ್ದರೆ ಅರ್ಧ ಭಯ ಹೋಗುತ್ತಿತ್ತು ಎಂಬುದು ನಮ್ಮ ಅನಿಸಿಕೆ.

ರಾಯಚೂರು ಜಿಲ್ಲೆ ಇಂದು ವಿದ್ಯುತ್ತಿನ ಜಿಲ್ಲೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು, ಮುಂದೆ ಎಂಟು ಘಟಕಗಳಾಗಿ 1720 ಮೆಗಾವಾಟಿಗೆ ಬೆಳೆಯಿತು. 2013ರ ಡಿಸೆಂಬರ್ 31ರಂದು ಇದೇ ಜಿಲ್ಲೆಯಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ಜಾಲ ಉಳಿದ ದೇಶದ ಜಾಲದೊಂದಿಗೆ ಕೂಡಿಕೊಂಡಿತು. ಅದಕ್ಕೆ ಮೊದಲು ಉತ್ತರದ ಕರೆಂಟು ಇಲ್ಲಿಗೆ ಬರುತ್ತಿದ್ದುದು ತಾಲ್ಚೇರ್–ಕೋಲಾರದಂಥ ನೇರ ವಿದ್ಯುತ್ತಿನ ಕೊಂಡಿಗಳಿಂದ. ಪರ್ಯಾಯ ವಿದ್ಯುತ್ತಿನ ಎರಡು ಜಾಲಗಳನ್ನು ಜೋಡಿಸಬೇಕಾದರೆ ವೋಲ್ಟೇಜು ಸಮನಾಗಿದ್ದರೆ ಸಾಲದು, ಎರಡರ ತೂಗಾಟದ ಕೋನವೂ ಹೊಂದಬೇಕು. ಅದು ತಪ್ಪಿದರೆ ಯಂತ್ರಗಳೇ ಮುರಿದಾವು. ಆ ಕೋನವೇ ‘ಕಾಲ್ಪನಿಕ’ ಸಂಖ್ಯೆ ಹಿಡಿದಿಡುವ ವಸ್ತು.

ಇಷ್ಟು ದೊಡ್ಡ ಜಾಲದ ಕೆಳಗೆ ರೈತನ ಪಾಡು ಬೇರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಎಡದಂಡೆ ಕಾಲುವೆಯ ಮೇಲ್ಭಾಗದವರು ಮಿತಿ ಮೀರಿ ಭತ್ತ ಹಾಕಿದ್ದರಿಂದ ಕೊನೆಯ ಭಾಗದ ಮಾನ್ವಿ, ರಾಯಚೂರಿನವರಿಗೆ ನೀರು ಸಾಲದು. ಕರೆಂಟಿನ ಲೈನಿನಲ್ಲೂ ಇದೇ ಕಥೆ. ಕಾಲುವೆ ಮುಟ್ಟದ ಲಿಂಗಸುಗೂರು, ಮಸ್ಕಿ ಕಡೆಯ ಬೋರ್‌ವೆಲ್‌ಗಳಿರಲಿ, ಕಾಲುವೆ ಪಕ್ಕದ ಪಂಪ್‌ಸೆಟ್‌ಗಳಿರಲಿ, ಒಂದೇ ಟಿ.ಸಿ.ಗೆ ಹತ್ತಾರು ಮೋಟರುಗಳು ಜೋತುಬಿದ್ದಾಗ ಲೈನಿನ ತುದಿಯವನಿಗೆ ವೋಲ್ಟೇಜು ಸಿಗುವುದಿಲ್ಲ. ವೋಲ್ಟೇಜು ಇಳಿದಷ್ಟೂ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗ್ ಸುಡುತ್ತದೆ. ಬೆಳೆ ನೀರಿಗೆ ಬಾಯಿಬಿಟ್ಟಿರುವ ವಾರದಲ್ಲೇ ಮೋಟರು ವೈಂಡಿಂಗ್ ಅಂಗಡಿಗೆ ಬರುತ್ತದೆ.

ನಮ್ಮ ಸುರುಳಿಯ ಲೆಕ್ಕಕ್ಕೆ ಮರಳೋಣ. 4.6 ಆಂಪಿಯರಿನಲ್ಲಿ ನಿಜಕ್ಕೂ ಕೆಲಸ ಮಾಡುವುದು 2.76 ಆಂಪಿಯರ್ ಮಾತ್ರ. ಮಿಕ್ಕ ‘ಜೆ’ ಭಾಗ, 3.68 ಆಂಪಿಯರ್, ಟಿ.ಸಿ.ಗೂ ಮೋಟರಿಗೂ ನಡುವೆ ಸುಮ್ಮನೆ ಹೋಗಿಬರುತ್ತಾ ತಂತಿಯನ್ನು ಕಾಯಿಸುತ್ತದೆ. ಮೋಟರಿನ ಪಕ್ಕದಲ್ಲೇ 51 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್ ಹಾಕಿದರೆ ಆ ಹೋಗಿಬರುವ ಭಾಗ ಅಲ್ಲೇ ಸುತ್ತಿಕೊಳ್ಳುತ್ತದೆ. ಸುರುಳಿಯ ಧನ ‘ಜೆ’ಯನ್ನು ಕೆಪಾಸಿಟರಿನ ಋಣ ‘ಜೆ’ ವಜಾ ಮಾಡುತ್ತದೆ. ಆಗ ಲೈನಿನಲ್ಲಿ ಬರುವುದು 2.76 ಆಂಪಿಯರ್ ಅಷ್ಟೇ. ತಂತಿಯಲ್ಲಿ ಕಾದು ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಮೊದಲಿನ ಶೇ. 36ಕ್ಕೆ ಇಳಿಯುತ್ತದೆ. ತುದಿಯವನಿಗೂ ವೋಲ್ಟೇಜು ಸಿಗುತ್ತದೆ.

ಸಿಂಧನೂರಿನ ರೈಸ್ ಮಿಲ್ಲುಗಳವರು ಇದನ್ನು ಬಲ್ಲರು. ಪವರ್ ಫ್ಯಾಕ್ಟರ್ ಗೊತ್ತುಪಡಿಸಿದ ಮಿತಿಗಿಂತ ಕೆಳಗೆ ಇಳಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ, ಆದ್ದರಿಂದ ಕೆಪಾಸಿಟರ್ ಹಾಕುತ್ತಾರೆ. ಪಂಪ್‌ಸೆಟ್‌ಗೂ ಹಾಕಬೇಕೆಂಬ ನಿಯಮವಿದೆ. ಆದರೆ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಕರೆಂಟು ಉಚಿತ. ಒಬ್ಬ ತನ್ನ ಮೋಟರಿಗೆ ಕೆಪಾಸಿಟರ್ ಹಾಕಿದರೆ ಅವನ ಬಿಲ್ಲು ಇಳಿಯುವುದಿಲ್ಲ, ಲಾಭ ಆ ಟಿ.ಸಿ.ಯ ಮೇಲಿರುವ ಎಲ್ಲರಿಗೂ ಹಂಚಿಹೋಗುತ್ತದೆ. ಎಲ್ಲರೂ ಹಾಕಿದರೆ ಎಲ್ಲರಿಗೂ ಒಳ್ಳೆಯದು, ಒಬ್ಬನೇ ಹಾಕಿದರೆ ಅವನಿಗೆ ಖರ್ಚು. ಈ ಭಾಗಕ್ಕೆ ಸ್ಟೈನ್‌ಮೆಟ್ಜ್ ಕೊಟ್ಟ ಸೂತ್ರ ಯಾವುದೂ ಇಲ್ಲ.

ವಿಚಿತ್ರವೆಂದರೆ ರೈತರಿಗೆ ಕಂಡೆನ್ಸರ್ ಹೊಸದಲ್ಲ. ಮೂರು ಫೇಸಿನ ಕರೆಂಟು ಇಲ್ಲದ ಹೊತ್ತಿನಲ್ಲಿ ಮೋಟರು ಓಡಿಸಲು ಮೂರನೆಯ ತಂತಿಗೆ ಕಂಡೆನ್ಸರ್ ಜೋಡಿಸುವ ಉಪಾಯ ಊರೂರಲ್ಲಿ ಇದೆ. ಇಲಾಖೆ ಇದನ್ನು ಒಪ್ಪುವುದಿಲ್ಲ, ಮೋಟರಿಗೂ ಒಳ್ಳೆಯದಲ್ಲ. ಆದರೂ ಅಲ್ಲಿ ನಡೆಯುವುದೇನು? ಕಂಡೆನ್ಸರ್ ಕರೆಂಟನ್ನು ಕಾಲು ಸುತ್ತಿನತನಕ ಮುಂದಕ್ಕೆ ತಳ್ಳಿ, ಇಲ್ಲದ ಮೂರನೆಯ ಫೇಸಿನ ಜಾಗದಲ್ಲಿ ನಿಲ್ಲುತ್ತದೆ. ಎಷ್ಟು ಎಚ್.ಪಿ. ಮೋಟರಿಗೆ ಎಷ್ಟು ಕಂಡೆನ್ಸರ್ ಎಂಬುದು ಶಾಲೆಯನ್ನು ಅರ್ಧಕ್ಕೆ ಬಿಟ್ಟು ವೈಂಡಿಂಗ್ ಅಂಗಡಿ ಸೇರಿದ ಹುಡುಗರಿಗೆ ಬಾಯಿಪಾಠ. ಅವರಲ್ಲಿ ನಮ್ಮ ಸಮುದಾಯದವರೂ ಬಹಳ ಮಂದಿ ಇದ್ದಾರೆ. ಪಾಲಿಟೆಕ್ನಿಕ್ ಓದಿದ ಹುಡುಗನಿಗೆ ‘ಜೆ’ಯ ಲೆಕ್ಕ ಗೊತ್ತು, ಆದರೆ ಸುಟ್ಟ ವೈಂಡಿಂಗಿನ ವಾಸನೆಯಿಂದ ಕಾರಣ ಹೇಳಲು ಬರುವುದಿಲ್ಲ. ಸಂಜೆಯ ಹೊತ್ತು ಇಬ್ಬರೂ ಅದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ.